ಗೂಟದ ಬುಡದ ಮಣ್ಣು

ಮೊದಲ ಗುಳಿಯ ಮಣ್ಣು ಕೈಗೆ ಬಂದಾಗಲೇ ನನಗೆ ಅನುಮಾನ ಬಂತು. ಅಷ್ಟು ಒಳ್ಳೆಯ ಮಣ್ಣು ಅಲ್ಲಿರಲು ಕಾರಣವೇ ಇರಲಿಲ್ಲ.

ಅಲ್ಲಿ ಮೊದಲು ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆ ಇತ್ತು. ಬಿಡಿಭಾಗದ ಜಿಡ್ಡು ತೊಳೆದ ದ್ರಾವಣವನ್ನು ವರ್ಷಗಟ್ಟಲೆ ಹಿತ್ತಲಿಗೇ ಚೆಲ್ಲಿದ್ದರು. ಕಾರ್ಖಾನೆ ಕೆಡವಿಯಾಗಿತ್ತು, ಇನ್ನು ಮನೆಗಳ ಕಟ್ಟಡ ಏಳಬೇಕಿತ್ತು. ನೆಲ ವಾಸಕ್ಕೆ ಯೋಗ್ಯವೇ ಎಂದು ಪರೀಕ್ಷೆ ಮಾಡುವುದು ನನ್ನ ಕೆಲಸ. ಕಟ್ಟಡದ ಉಸ್ತುವಾರಿ ನನ್ನ ಭಾವನದು. ಅದರ ನೆಲಮಹಡಿಯಲ್ಲಿ ಶಿಶುವಿಹಾರ ತೆರೆಯಲು ಹೊರಟವಳು ನನ್ನ ಅಕ್ಕ. ಅದಕ್ಕೆಂದೇ ಇದ್ದ ಕೆಲಸ ಬಿಟ್ಟಿದ್ದಳು. ಸಂಬಂಧಿಕರ ಜಾಗ, ಬೇರೆಯವರನ್ನು ಕಳಿಸಿ ಎಂದು ನಮ್ಮ ಸಾಹೇಬರಿಗೆ ಹೇಳಿದ್ದೆ. "ಸಂಬಂಧಿಕರಾದ್ರೆ ಇನ್ನೂ ಒಳ್ಳೇದಲ್ವೇನಯ್ಯಾ" ಎಂದಿದ್ದರು. ಯಾರಿಗೆ ಒಳ್ಳೆಯದು ಎಂದು ನಾನು ಆಗ ಕೇಳಲಿಲ್ಲ.

ಕೊರೆಯುವ ಕಡೆಗಳಲ್ಲಿ ಮುಂಚೆಯೇ ಗೂಟ ಹೊಡೆದು ಹೋಗುವುದು ನಮ್ಮ ಪದ್ಧತಿ. ಕೆಳಗೆ ಪೈಪು, ಕರೆಂಟಿನ ತಂತಿ ಇದೆಯೇ ಎಂದು ಜಾಗದವರು ನೋಡಿ ಹೇಳಬೇಕು. ಅವರು ಹೂಂ ಅಂದಮೇಲೆ ಯಂತ್ರ ತರುತ್ತೇವೆ. ಈ ಸಲ ಹೂಂ ಅನ್ನಲು ಭಾವ ಬಹಳ ದಿನ ತೆಗೆದುಕೊಂಡಿದ್ದರು.

ಎರಡನೆಯ ಗುಳಿಯಲ್ಲೂ ಅದೇ ಕೆಂಪು ಮಣ್ಣು. ಇಟ್ಟಿಗೆ ಚೂರಿಲ್ಲ, ಬೂದಿಯಿಲ್ಲ, ಒಂದು ತುಕ್ಕು ಮೊಳೆಯೂ ಇಲ್ಲ. ಹೂಕುಂಡಕ್ಕೆಂದು ಚೀಲದಲ್ಲಿ ತುಂಬಿ ಮಾರುವ ಮಣ್ಣಿನಂತಿತ್ತು.

"ಬೆಣ್ಣೆ ಕೊರೆದಂಗಾಗ್ತಿದೆ ಸಾರ್, ಊಟದ ಹೊತ್ತಿಗೆ ಮುಗಿಸಿಬಿಡಬಹುದು" ಎಂದ ಡ್ರಿಲ್ಲರ್.

"ಕಾರ್ಖಾನೆ ಹಿತ್ತಲಲ್ಲಿ ಬೆಣ್ಣೆ ಎಲ್ಲಿಂದ ಬಂತು?"

ಅವನು ಯಂತ್ರ ಒರೆಸತೊಡಗಿದ. ಯಂತ್ರ ಆಗಲೇ ಚೊಕ್ಕವಾಗಿತ್ತು. ಇವನಿಗೂ ಗೊತ್ತಿರಬಹುದೇ ಅನ್ನಿಸಿತು.

ಭಾವ ಟೀ ಲೋಟ ಹಿಡಿದು ಬಂದರು. "ಏನಯ್ಯಾ ಪತ್ತೇದಾರ, ಮಣ್ಣನ್ನ ಹಂಗೆ ದುರುಗುಟ್ಟಿಕೊಂಡು ನೋಡಿದ್ರೆ ಅದು ಬಾಯಿ ಬಿಡುತ್ತಾ?"

"ಭಾವ, ಗೂಟದ ಸುತ್ತ ಮಣ್ಣು ಬದಲಾಯಿಸಿದ್ದೀರಾ?"

"ಪೈಪಿದೆಯಾ ಅಂತ ಅಗೆಸಿದ್ವಿ, ಮುಚ್ಚಿದ್ವಿ. ನೀವೇ ತಾನೇ ನೋಡಿ ಅಂದಿದ್ದು?"

"ಅಗೆದ ಮಣ್ಣಲ್ಲೇ ಮುಚ್ಚಿದ್ರಾ?"

"ಹುಡುಗರು ಯಾವುದರಲ್ಲಿ ಮುಚ್ಚಿದ್ರೋ, ನಾನು ಬೊಗಸೇಲಿ ಅಳೀತಾ ಕೂತಿದ್ನಾ?" ಎಂದು ನಕ್ಕರು. ಆ ನಗು ಸ್ವಲ್ಪ ಹೆಚ್ಚೇ ಹೊತ್ತು ಉಳಿಯಿತು.

ಗೂಟದಿಂದ ಆಚೆ ಕೊರೆಯಲು ಹೇಳಿದೆ. ಡ್ರಿಲ್ಲರ್ ಭಾವನ ಮುಖ ನೋಡಿದ.

"ಅಲ್ಲೆಲ್ಲ ತಂತಿ ಹಾದುಹೋಗಿದ್ರೆ? ನಿನಗೇನಾದ್ರೂ ಆದ್ರೆ ನಿಮ್ಮಕ್ಕನಿಗೆ ನಾನೇನು ಹೇಳ್ಲಿ?" ಎಂದರು ಭಾವ.

ಅದು ಕಾಳಜಿಯೋ ಬೆದರಿಕೆಯೋ ತಿಳಿಯಲಿಲ್ಲ. ನಾನೇ ಗುದ್ದಲಿ ತೆಗೆದುಕೊಂಡು ಮೆಲ್ಲಗೆ ಅಗೆಯತೊಡಗಿದೆ.

ಅಷ್ಟರಲ್ಲಿ ಅಕ್ಕ ಅಳತೆ ಟೇಪು ಹಿಡಿದು ಬಂದಳು. ನೆಲದ ಮೇಲೆ ಸುಣ್ಣದಲ್ಲಿ ಎಳೆದ ಗೆರೆಗಳೊಳಗೆ ಮಕ್ಕಳು ಮಲಗುವ ಕೋಣೆ ಎಲ್ಲಿ ಬರುತ್ತದೆ ಎಂದು ನೋಡುವುದಿತ್ತು. ನಾನು ಅಗೆಯುತ್ತಿದ್ದುದು ಆ ಕೋಣೆಯಲ್ಲೇ.

"ಏನೋ ಇದು, ನನ್ನ ಕೋಣೇಲಿ ಬಾವಿ ತೋಡ್ತಿದೀಯಾ?"

ಮೊಣಕಾಲುದ್ದ ಇಳಿದಿದ್ದೆ. ಕಪ್ಪು ಮಣ್ಣು, ಇಟ್ಟಿಗೆ ಚೂರು, ತಂತಿ ತುಂಡು ಬಂದವು. ಜೊತೆಗೆ ಒಂದು ಸಿಹಿ ಘಾಟು. ದ್ರಾವಣದ ಆವಿ ಅಳೆಯುವ ಮೀಟರನ್ನು ಗುಳಿಯ ಬಾಯಿಗೆ ಹಿಡಿದ ಕೂಡಲೇ ಕಿರುಚಿಕೊಂಡಿತು.

"ಮೇಲೆ ಕಾಂಕ್ರೀಟು ಬೀಳುತ್ತೆ ಕಣೋ. ಮಕ್ಕಳೇನು ಮಣ್ಣು ತಿನ್ತಾರಾ?" ಎಂದರು ಭಾವ.

"ತಿನ್ನೋದು ಬೇಡ. ಪೈಪಿನ ಸಂದೀಲಿ ಆವಿ ಮೇಲೆ ಬರುತ್ತೆ. ಕಿಟಕಿ ಮುಚ್ಚಿ ಮಲಗಿಸಿದ್ರೆ ಅದನ್ನೇ ಉಸಿರಾಡ್ತಾರೆ."

ಅಕ್ಕ ಟೇಪು ಸುತ್ತಿಕೊಂಡಳು. "ರೀ, ನಿಮಗೆ ಗೊತ್ತಿತ್ತಾ?"

"ಏನೇ ಗೊತ್ತು? ನಿನ್ನ ತಮ್ಮನಿಗೆ ಕುಡಿಯೋ ನೀರಲ್ಲೂ ಅನುಮಾನ."

"ಮಗಳು ನನ್ನ ಜೊತೆ ಶಿಶುವಿಹಾರದಲ್ಲೇ ಇರ್ಲಿ ಅಂತ ಮೊದಲು ಕುಣೀತಿದ್ದೋರು ನೀವು. ಈಗ ನಿಮ್ಮಮ್ಮನ ಹತ್ರ ಬಿಡೋಣ ಅಂತ ಹಟ ಹಿಡಿದಿದ್ದು ಯಾಕೆ?"

ಭಾವ ಖಾಲಿ ಲೋಟವನ್ನು ಬಾಯಿಗಿಟ್ಟುಕೊಂಡರು. ಡ್ರಿಲ್ಲರ್ ಕೆಲಸವಿಲ್ಲದಿದ್ದರೂ ಯಂತ್ರದ ಹಿಂದಕ್ಕೆ ಸರಿದ.

"ಅಮ್ಮನಿಗೆ ಬೇಜಾರು ಅಂತ..." ಎಂದರು ಭಾವ.

ಅಕ್ಕ ಅವರ ಕಡೆ ತಿರುಗಲಿಲ್ಲ. "ಈ ಮಣ್ಣು ತುಂಬಿಕೊಳ್ಳೋ" ಎಂದಳು ನನಗೆ.

ಗಾಜಿನ ಬಾಟಲಿಗೆ ಗಾಳಿ ನಿಲ್ಲದಂತೆ ಕತ್ತಿನವರೆಗೂ ಒತ್ತಿ ತುಂಬಿದೆ. ಮುಚ್ಚಳ ಬಿಗಿದು ಐಸ್ ಪೆಟ್ಟಿಗೆಯಲ್ಲಿಟ್ಟೆ.

"ಕೊಡು, ನಮ್ಮ ಗಾಡಿ ಲ್ಯಾಬ್ ಕಡೆಗೇ ಹೋಗುತ್ತೆ" ಎಂದು ಭಾವ ಕೈ ಚಾಚಿದರು.

ಅಕ್ಕ ಪೆಟ್ಟಿಗೆಯನ್ನು ಕಂಕುಳಿಗೆ ಏರಿಸಿಕೊಂಡಳು. ನಾನು ಹೊತ್ತುಕೊಳ್ಳಲು ಹೋದರೆ ನನಗೂ ಕೊಡಲಿಲ್ಲ.

"ಅಕ್ಕ, ನಾನೇ ಅಲ್ವೇನೇ ಅಗೆದಿದ್ದು?"

"ನಿನ್ನನ್ನ ಇಲ್ಲಿಗೆ ಕಳಿಸಿದ್ದು ಯಾರು, ಯಾಕೆ ಅಂತ ನಂಗೊತ್ತಿಲ್ಲ. ಲ್ಯಾಬಿಗೆ ನಾನೇ ತಲುಪಿಸ್ತೀನಿ. ನೀನು ದಾರಿ ತೋರಿಸು, ಸಾಕು."