ಬಾಗಿಲು ಮೇಸ್ತ್ರಿಯ ಹೆಬ್ಬೆರಳು

ಜೀಗ್ಮರ್ ಹೆಂಪೆಲ್ ಅವರು ಎದುರಾದಾಗ ಯಾರಿಗಾದರೂ ಮೊದಲು ಕಣ್ಣಿಗೆ ಬೀಳುವುದು ಅವರ ಬಲಗೈಯ ಹೆಬ್ಬೆರಳು. ಉಳಿದ ನಾಲ್ಕು ಬೆರಳುಗಳು ಮುಷ್ಟಿಯೊಳಗೆ ಸುಖವಾಗಿ ವಿಶ್ರಮಿಸುತ್ತಿರುವಾಗ ಅದೊಂದು ಮಾತ್ರ ಸದಾ ಹೊರಗೆ ಚಾಚಿಕೊಂಡು, ಕಪಾಟಿರಲಿ, ಟ್ರಾಮಿರಲಿ, ಇಗರ್ಜಿಯ ಮಹಾದ್ವಾರವಿರಲಿ, ಕಂಡ ಕಂಡ ಬಾಗಿಲಿನ ಸಂದನ್ನೆಲ್ಲ ಉಗುರಿನಿಂದ ಸವರಿ ಅಳೆಯುತ್ತಿರುತ್ತದೆ. ತಮ್ಮ ಭಾವಮೈದುನ ಹೋರ್ಸ್ಟ್ ತೀರಿಕೊಂಡಾಗ, ನೆಂಟರಿಷ್ಟರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಹೂವಿಡುವ ನೆಪದಿಂದ ಬಾಗಿ ಶವಪೆಟ್ಟಿಗೆಯ ಮುಚ್ಚಳದ ಉದ್ದಕ್ಕೂ ಉಗುರೆಳೆದು ಬಂದವರೇ ನನ್ನ ಕಿವಿಯಲ್ಲಿ, "ಎಡಗಡೆ ಎರಡು ಮಿಲಿಮೀಟರು ಜಾಸ್ತಿ ಬಿಟ್ಟಿದಾರೆ. ಪಾಪ, ಹೋರ್ಸ್ಟ್‌ಗೆ ಗಾಳಿ ಹೊಡೆಯುತ್ತೆ" ಎಂದುಬಿಟ್ಟರು. ನನಗೆ ನಗು ತಡೆಯಲಾಗಲಿಲ್ಲ. ಹೋರ್ಸ್ಟನ ಹೆಂಡತಿ ಇವತ್ತಿಗೂ ನನ್ನ ಮುಖ ನೋಡುವುದಿಲ್ಲ, ಹೆಂಪೆಲ್ ಜೊತೆ ಮಾತ್ರ ಚೆನ್ನಾಗಿಯೇ ಇದ್ದಾರೆ.

ಅವರ ಮನೆ ನಮ್ಮ ಮನೆಯ ನೇರ ಮೇಲಿನ ಮಹಡಿ. ಮುಲ್ಡೆ ನದಿಯ ದಂಡೆಯ ನಮ್ಮೂರಿನಲ್ಲಿ ಹಿಂದೆ ಒಂದು ಕಾರು ಕಾರ್ಖಾನೆಯಿತ್ತು. ದೇಶವನ್ನು ಎರಡಾಗಿ ಸೀಳಿದ್ದ ಗೋಡೆ ಬೀಳುವ ಮುಂಚಿನ ಕಾಲದ್ದು. ಅಲ್ಲಿ ಹೆಂಪೆಲ್ ಇಪ್ಪತ್ನಾಲ್ಕು ವರ್ಷ ಕಾರುಗಳಿಗೆ ಬಾಗಿಲು ಕೂರಿಸಿದರು. ಎರಡು ಸಾಲು ಕಾರುಗಳ ನಡುವಿನ ಇಕ್ಕಟ್ಟಿನಲ್ಲಿ ಓಡಾಡಿ ಓಡಾಡಿ ಬಲಭುಜ ಮುಂದೆ ಮಾಡಿ ಏಡಿಯ ಹಾಗೆ ಅಡ್ಡಡ್ಡ ನಡೆಯುವುದು ರೂಢಿಯಾಗಿ, ಈಗ ಎಪ್ಪತ್ತೈದನೆಯ ವಯಸ್ಸಿನಲ್ಲಿ, ನಾಲ್ಕು ಕುದುರೆ ಗಾಡಿಗಳು ಒಟ್ಟಿಗೆ ಹೋಗಬಲ್ಲ ಪೇಟೆ ಚೌಕದಲ್ಲಿಯೂ ಅವರು ಹಾಗೆಯೇ ನಡೆಯುತ್ತಾರೆ. ಕಾರ್ಖಾನೆ ಮುಚ್ಚಿದ ದಿನ ಮೈಮೇಲಿದ್ದ ಬೂದುನೀಲಿ ನಿಲುವಂಗಿ ಅಂದಿನಿಂದ ಅವರದೇ ಆಯಿತು; ಮಗಳ ಮದುವೆಗೂ ಅದೇ, ಮಾರುಕಟ್ಟೆಗೂ ಅದೇ. ತಮ್ಮ ಮನಸ್ಸಿನ ಸ್ಥಿತಿಗತಿಗಳನ್ನು ಕೂಡ ಅವರು ಮಿಲಿಮೀಟರಿನಲ್ಲಿಯೇ ಹೇಳಿಕೊಳ್ಳುವುದು. "ಇವತ್ತು ಒಂದು ಮಿಲಿಮೀಟರು ಬೇಜಾರು" ಎಂದರೆ ಮೋಡ ಕವಿದಿದೆಯೆಂದು ಅರ್ಥ. ಕಾರ್ಖಾನೆ ಮುಚ್ಚಿದ ದಿನ ನಾಲ್ಕಾಗಿತ್ತಂತೆ, ಅದಕ್ಕಿಂತ ಮೇಲೆ ಎಂದೂ ಹೋದದ್ದಿಲ್ಲವಂತೆ.

ಆ ಕಾಲದ ಬಾಗಿಲುಗಳು ಸುಲಭಕ್ಕೆ ಮಣಿಯುತ್ತಿರಲಿಲ್ಲ. ಕೂರಿಸಿದ ಬಾಗಿಲು ಒಂದೆಳೆ ಮೇಲೆ ನಿಂತಿತೆಂದರೆ, ಅದನ್ನು ಅರ್ಧ ತೆರೆದು, ಮೇಲಂಚನ್ನು ಎರಡೂ ಕೈಯಿಂದ ಹಿಡಿದು, ಎರಡೂ ಕಾಲು ನೆಲದಿಂದ ಎತ್ತಿ ಮೂರು ಎಣಿಸುವ ತನಕ ಜೋತುಬೀಳಬೇಕು. ಆಗ ಬಾಗಿಲಿಗೆ ಬುದ್ಧಿ ಬಂದು ತನ್ನ ಜಾಗಕ್ಕೆ ಇಳಿಯುತ್ತಿತ್ತು. ಕೆಲಸಗಾರರು ಇದಕ್ಕೆ 'ಬಾವಲಿ ಹಾಕುವುದು' ಎನ್ನುತ್ತಿದ್ದರು. ಇಡೀ ಕಾರ್ಖಾನೆಗೆ ಹೆಂಪೆಲ್ ಅವರಂಥ ಬಾವಲಿ ಇನ್ನೊಬ್ಬರಿರಲಿಲ್ಲವೆಂದು ಊರಿನ ಹಳಬರು ಈಗಲೂ ಹೇಳುತ್ತಾರೆ, 'ಬಾಗಿಲು ಮೇಸ್ತ್ರಿ' ಎಂದೇ ಕರೆಯುತ್ತಾರೆ.

ಹಳೆಯದು ಮುಚ್ಚಿದ ಮೇಲೆ ಊರಾಚೆ ಹೊಸ ಕಾರ್ಖಾನೆ ಎದ್ದಿತು. ಅಲ್ಲಿ ಬಾಗಿಲು ಕೂರಿಸುವುದು ರೋಬೋಟು. ಹೆಂಪೆಲ್ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅದರ ಗೇಟಿನತ್ತ ತಲೆ ಹಾಕಿಯೂ ಮಲಗಲಿಲ್ಲ. ಹೀಗಿರುವಾಗ ಅವರ ಹೆಂಡತಿ ರೋಸ್ವಿತಾ, ಗುಡ್ಡದ ಮೇಲಿನ ಊರಿನ ಗಾಯನಮಂಡಳಿಗೆ ಹೋಗುತ್ತಿದ್ದ ಬಸ್ಸು ನಿಂತುಹೋಯಿತೆಂದು, ಗಂಡನನ್ನು ಒಂದು ಮಾತೂ ಕೇಳದೆ, ಅದೇ ಕಾರ್ಖಾನೆಯ ಕರೆಂಟಿನ ಕಾರೊಂದಕ್ಕೆ ಹೆಸರು ಬರೆಸಿಬಿಟ್ಟರು. ಹನ್ನೊಂದು ವಾರದಲ್ಲಿ ಕಾರು ತಯಾರಾಗಿದೆ, ಬಂದು ಕಾರ್ಖಾನೆ ನೋಡಿಕೊಂಡು ತೆಗೆದುಕೊಂಡು ಹೋಗಿ ಎಂಬ ಕಾಗದ ಬಂತು. ತಾವೇ ಬಾಗಿಲು ಕೂರಿಸುತ್ತಿದ್ದ ಕಾರಿಗೆ ಹಿಂದೊಮ್ಮೆ, ಆ ಕಾಲದ ಎಲ್ಲರ ಹಾಗೆ, ಹೆಸರು ಬರೆಸಿ ಹನ್ನೆರಡು ವರ್ಷ ಸರದಿ ಕಾದಿದ್ದ ಹೆಂಪೆಲ್ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಹನ್ನೊಂದು ವಾರಕ್ಕೆ ಬರೋದು ಎಂಥಾ ಕಾರು? ಹಣ್ಣಾಗೋಕೂ ಬಿಡಲ್ವಲ್ಲ ಇವರು!"

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆ ಗುರುವಾರ ಪಾನಗೃಹದಲ್ಲಿ, ಎಂದಿನ ಮೇಜಿನ ಸುತ್ತ ಎಂದಿನ ಐದಾರು ಮಂದಿ ಸೇರಿದ್ದಾಗ, ಹಳೆಯ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುತ್ತಿದ್ದ ಬಾಲ್ಡುರ್ ಸುಮ್ಮನಿರಲಾರದೆ, "ಏನಪ್ಪಾ ಬಾಗಿಲು, ಕೊನೆಗೂ ರೋಬೋಟಿನ ಮನೆಗೆ ಹೆಣ್ಣು ನೋಡೋಕೆ ಹೊರಟೆಯಂತೆ?" ಎಂದು ಕೆಣಕಿದ. ಹೆಂಪೆಲ್ ಅವರ ಪಿತ್ತ ನೆತ್ತಿಗೇರಿತು. ಎಲ್ಲರ ಎದುರಿಗೆ ಮೇಜು ಕುಟ್ಟಿ ಹೇಳಿದರು:

"ನೋಡ್ತಿರು. ಅದು ಕೂರಿಸಿದ ಬಾಗಿಲಲ್ಲಿ ಒಂದಾದ್ರೂ ತಪ್ಪು ಹುಡುಕದೆ ವಾಪಸ್ ಬಂದ್ರೆ, ನಾನು ಇಪ್ಪತ್ನಾಲ್ಕು ವರ್ಷ ಮಾಡಿದ ಕೆಲಸವೇ ಸುಳ್ಳು ಅಂತ ತಿಳ್ಕೋ!"

ಅಂಥ ಮಾತು ಆಡಬಾರದಿತ್ತು ಎಂದು ನನಗೆ ಅನ್ನಿಸಿತು, ಬಹುಶಃ ಅವರಿಗೂ ಅನ್ನಿಸಿರಬೇಕು. ಆದರೆ ಆಡಿದ್ದಾಗಿತ್ತು. ಮರುದಿನ ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿ, ತಟ್ಟುವಾಗಲೇ ಅದರ ಸಂದನ್ನೂ ಸವರಿ, ನೀವೂ ಬರಬೇಕು, ಸಾಕ್ಷಿಗೆ ಒಬ್ಬರು ಬೇಕು ಎಂದರು.

ಹೊಸ ಕಾರು ತರಲು ಕಾರ್ಖಾನೆಗೇ ಹೋಗುವುದು ನಮ್ಮ ಕಡೆ ಮದುವೆಗೆ ಹೋಗುವಷ್ಟೇ ಸಂಭ್ರಮದ ಕೆಲಸ. ಬಂದವರೆಲ್ಲ ಇಸ್ತ್ರಿ ಬಟ್ಟೆ ತೊಟ್ಟು, ತಲೆ ಬಾಚಿ, ಮುಗುಳ್ನಗೆಗಳನ್ನು ಸಿದ್ಧಪಡಿಸಿಕೊಂಡು ನಿಂತಿದ್ದರು. ನಮ್ಮ ರೋಸ್ವಿತಾ ಮುತ್ತಿನ ಸರ ಹಾಕಿಕೊಂಡು ಬಗಲಲ್ಲಿ ಕಾಫಿಯ ಫ್ಲಾಸ್ಕ್ ಇಟ್ಟುಕೊಂಡಿದ್ದರೆ, ಪಕ್ಕದಲ್ಲಿ ಬೂದುನೀಲಿ ನಿಲುವಂಗಿಯ ಹೆಂಪೆಲ್, ಬೀಗರ ಮನೆಯಲ್ಲಿ ಜಗಳ ತೆಗೆಯಲೆಂದೇ ಬಂದ ಹಿರಿಯರಂತೆ ಬಿಗಿದುಕೊಂಡು ನಿಂತಿದ್ದರು. ಸಾಸ್ಕಿಯಾ ಎಂಬ ಹೆಣ್ಣುಮಗಳು ನಮ್ಮನ್ನೆಲ್ಲ ತೆರೆದ ಪುಟ್ಟ ಬಂಡಿಯಲ್ಲಿ ಕೂರಿಸಿಕೊಂಡು, ನೆಲದ ಮೇಲಿನ ಹಳದಿ ಗೆರೆ ದಾಟಬಾರದೆಂದು ಮೂರು ಸಲ ಹೇಳಿ ಒಳಗೆ ಹೊರಟಳು.

ರೋಬೋಟುಗಳ ಕಿತ್ತಳೆ ಬಣ್ಣದ ತೋಳುಗಳು ಬಗ್ಗಿ, ಬಾಗಿಲೆತ್ತಿ, ತಿರುಗಿ, ಕಾರಿನ ಮೈಗೆ ಒಪ್ಪಿಸುವುದನ್ನು ಕಂಡು ಎಲ್ಲರೂ ಬೆರಗಾದರು. ಹೆಂಪೆಲ್ ಮಾತ್ರ ಬಹಳ ಹೊತ್ತು ನೋಡಿ, "ಅದಕ್ಕೆ ಉಗುರೇ ಇಲ್ವಲ್ಲ" ಎಂದರು.

"ಉಗುರು ಬೇಡ ಹೆಂಪೆಲ್ ಅವರೇ, ಕ್ಯಾಮೆರಾ ಇದೆ" ಎಂದಳು ಸಾಸ್ಕಿಯಾ. "ಕೂದಲೆಳೆಯಷ್ಟು ವ್ಯತ್ಯಾಸವನ್ನೂ ನೋಡುತ್ತೆ."

"ನೋಡುತ್ತೆ, ಬೇಡ ಅನ್ನಲ್ಲ. ಗೊತ್ತಾಗುತ್ತಾ?"

ಅಷ್ಟರಲ್ಲಿ ಬಂಡಿ ನಿಂತಿತು. ನಮ್ಮೆದುರು ಬಾಗಿಲು ಕೂರಿಸಿದ ಕಾರೊಂದು, ಒಳಗೆ ಸೀಟಿಲ್ಲ, ಕಿಟಕಿಗೆ ಗಾಜಿಲ್ಲ, ಮೆಲ್ಲಗೆ ಸಾಗಿ ಬರುತ್ತಿತ್ತು. ಹೆಂಪೆಲ್ ಅವರ ಕಣ್ಣುಗಳು ಕಿರಿದಾದವು.

"ಮೇಲಿದೆ" ಎಂದರು.

"ಏನು ಮೇಲಿದೆ?" ಎಂದೆ.

"ಹಿಂದಿನ ಬಾಗಿಲು. ಒಂದೂವರೆ ಮಿಲಿಮೀಟರು ಮೇಲಿದೆ!"

ಅವರ ಮುಖದಲ್ಲಿ ಆ ಕ್ಷಣ ಬೆಳಗಿದ ಆನಂದವನ್ನು ನಾನು ಅವರ ಮಗಳ ಮದುವೆಯಲ್ಲಿಯೂ ಕಂಡಿರಲಿಲ್ಲ. ತೋಳು ಹಿಡಿಯೋಣವೆಂದು ಕೈ ಚಾಚುವಷ್ಟರಲ್ಲಿ ಮನುಷ್ಯ ಬಂಡಿಯಿಂದ ಇಳಿದು, ಅಡ್ಡಡ್ಡ ನಡೆದು, ಹಳದಿ ಗೆರೆ ದಾಟಿ, ಬಾಗಿಲನ್ನು ಅರ್ಧ ತೆರೆದು, ಎರಡೂ ಕೈಯಿಂದ ಹಿಡಿದು, ಎರಡೂ ಕಾಲು ಮೇಲೆತ್ತಿಬಿಟ್ಟಿದ್ದರು. ಎಲ್ಲೋ ಗಂಟೆ ಬಡಿಯಿತು, ಕೆಂಪು ದೀಪಗಳು ಹತ್ತಿಕೊಂಡವು, ಸಾಗುತ್ತಿದ್ದ ಸಾಲು ಗಕ್ಕನೆ ನಿಂತಿತು, ಎತ್ತಿದ ತೋಳುಗಳು ಎತ್ತಿದಲ್ಲೇ ಉಳಿದವು. ಆ ಮಹಾಮೌನದ ನಡುವೆ, ಒಗೆದು ಹರವಿದ ಅಂಗಿಯಂತೆ ಬಾಗಿಲಿಗೆ ಜೋತುಬಿದ್ದ ನಮ್ಮ ಹೆಂಪೆಲ್ ಗಟ್ಟಿಯಾಗಿ "ಒಂದು... ಎರಡು..." ಎಂದು ಎಣಿಸುತ್ತಿದ್ದರು.

ರೋಸ್ವಿತಾ ಮೂವತ್ತು ವರ್ಷ ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವುದು ಹೋಗುವುದನ್ನು ಸಾರುತ್ತಿದ್ದವರು. ಅವರ ಕಂಠ ಆ ಛಾವಣಿಯ ಕಟ್ಟಕಡೆಯ ಮೂಲೆಗೂ ಮುಟ್ಟಿತು.

"ಜೀಗ್ಮರ್! ಇಳಿ ಕೆಳಗೆ! ಈಗಿಂದೀಗ್ಲೇ!"

"ಮೂರು" ಎಂದು ಮುಗಿಸಿಯೇ ಅವರು ಇಳಿದದ್ದು.

ಪಾಳಿಯ ಮೇಲ್ವಿಚಾರಕ ಓಡಿ ಬಂದ; ಅಗಲವಾದ ಆಳು, ಓಡಿದ್ದಕ್ಕೆ ಏದುಸಿರು ಬೇರೆ.

"ಯಾರ್ರೀ ನೀವು?"

"ನಾನು ಬಾಗಿಲು."

"ಏನಂದ್ರಿ?"

"ಹಳೇ ಕಾರ್ಖಾನೆ, ಇಪ್ಪತ್ನಾಲ್ಕು ವರ್ಷ ಬಾಗಿಲು. ನಿಮ್ಮ ಯಂತ್ರ ಇದನ್ನ ಒಂದೂವರೆ ಮೇಲೆ ಕೂರಿಸಿತ್ತು, ಸರಿ ಮಾಡಿದೀನಿ. ಉಪಕಾರ ಅಂತೆಲ್ಲ ಏನೂ ಅಂದ್ಕೋಬೇಡಿ."

ಆತ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಒಂದೂವರೆ ಅಂತ ಹೇಗೆ ಗೊತ್ತಾಯ್ತು?"

"ಕಣ್ಣಿಗೆ ಕಾಣಿಸ್ತು."

"ಸರಿಯಾಗೇ ಕಾಣಿಸಿದೆ ಯಜಮಾನ್ರೇ. ಆದ್ರೆ ಅದು ಒಂದೂವರೆ ಮೇಲೇ ಇರಬೇಕು. ಇನ್ನೂ ಗಾಜು, ಮೋಟಾರು, ಸ್ಪೀಕರು, ರಬ್ಬರು ಎಲ್ಲ ತುಂಬಬೇಕು ಒಳಗೆ. ಆ ಭಾರಕ್ಕೆ ತಾನಾಗೇ ಇಳಿದು ಸರಿಹೋಗುತ್ತೆ. ಬೇಕಂತಲೇ ಹಾಗೆ ಕೂರಿಸೋದು."

ಹೆಂಪೆಲ್ ಬಾಗಿಲನ್ನು ನೋಡಿದರು. ಅವರ ಕಾಲದ ಬಾಗಿಲಿನೊಳಗೆ ಗಾಳಿ ಬಿಟ್ಟರೆ ಹೆಚ್ಚೇನೂ ಇರುತ್ತಿರಲಿಲ್ಲ. ಭಾರ ಎಂಬುದೊಂದನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಹಾಗಾದ್ರೆ ನಾನು ಕೆಡಿಸಿದೆ" ಎಂದರು.

"ಹೂಂ, ಕೆಡಿಸಿದ್ರಿ" ಎಂದು ಆತ ನಕ್ಕುಬಿಟ್ಟ. ಒಳ್ಳೆಯ ಮನುಷ್ಯ. ಆ ಕಾರನ್ನು ಪಕ್ಕಕ್ಕೆ ಎಳೆಸಿ, ಹೆಂಪೆಲ್ ಅವರನ್ನು ಕೈಹಿಡಿದು ತಂದು ರೋಸ್ವಿತಾಗೂ ನನಗೂ ನಡುವೆ ಕೂರಿಸಿ, ಇಬ್ಬರೂ ಸೇರಿ ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು ಹೇಳಿ ಹೋದ.

ಮಧ್ಯಾಹ್ನದ ಊಟಕ್ಕೆ ಆಲೂಗಡ್ಡೆ ಸಾರು, ಸಾಸೇಜು. ಅಕ್ಕಪಕ್ಕದ ಮೇಜುಗಳಲ್ಲಿ ಬಾವಲಿಯ ಕಥೆ ಆಗಲೇ ರೆಕ್ಕೆಪುಕ್ಕ ಹಚ್ಚಿಕೊಂಡು ಹಾರಾಡುತ್ತಿತ್ತು. ಹೆಂಪೆಲ್ ಚಮಚ ಮುಟ್ಟಲಿಲ್ಲ.

"ಐದು ಮಿಲಿಮೀಟರು" ಎಂದರು, ತಟ್ಟೆಯನ್ನು ನೋಡುತ್ತಲೇ.

ಬೆಳಿಗ್ಗೆಯಿಂದ ಗಂಡನನ್ನು ಬೈಯುತ್ತಲೇ ಇದ್ದ ರೋಸ್ವಿತಾ ಆ ಮಾತಿಗೆ ಬೆಚ್ಚಿ, ತಮ್ಮ ಪಾಲಿನ ಸಾಸೇಜನ್ನು ಅವರ ತಟ್ಟೆಗೆ ಹಾಕಿದರು.

ಉಳಿದದ್ದು ಒಂದೇ ಅವಕಾಶ, ಅವರದೇ ಕಾರು. ಗಾಜಿನ ಕೋಣೆಯ ನಡುವೆ ದೀಪದ ಬೆಳಕಿನಲ್ಲಿ ಅದು ಮಿರಮಿರ ಮಿಂಚುತ್ತ ನಿಂತಿತ್ತು. ಹೆಂಪೆಲ್ ಅಂಗಿಯ ತೋಳು ಮಡಚಿ, ಹೆಬ್ಬೆರಳನ್ನು ಒರೆಸಿಕೊಂಡು ಕೆಲಸಕ್ಕೆ ಇಳಿದರು. ಮುಂದಿನ ಎಡಬಾಗಿಲು, ಹಿಂದಿನದು, ಡಿಕ್ಕಿ, ಆಚೆ ಕಡೆಯ ಎರಡು. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ, ಕಣ್ಣು ತೆರೆದು ಒಮ್ಮೆ, ಕಣ್ಣು ಮುಚ್ಚಿ ಒಮ್ಮೆ. ಇಪ್ಪತ್ತು ನಿಮಿಷ ಕಳೆಯಿತು. ಕೊನೆಗೆ ಕರೆಂಟು ತುಂಬುವ ತೂತಿನ ಅಂಗೈಯಗಲದ ಮುಚ್ಚಳವನ್ನೂ ಬಿಡದೆ, ಅದರ ನಾಲ್ಕು ಬದಿಗಳನ್ನು ಸವರಿ ಸವರಿ ನೋಡಿ, ಕಾರಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟರು.

ಸಾಸ್ಕಿಯಾ ಕಾಗದ ಹಿಡಿದು ಬಂದಳು. ಒಪ್ಪಿಸಿಕೊಂಡದ್ದಕ್ಕೆ ರುಜು ಹಾಕುವ ಜಾಗ ಕೆಳಗೆ. ಅದರ ಮೇಲೆ, ದೋಷಗಳೇನಾದರೂ ಇದ್ದರೆ ಬರೆಯಲು ಖಾಲಿ ಚೌಕ.

ರೋಸ್ವಿತಾ ಗಂಡನ ಮುಖ ನೋಡಿದರು. ಆಮೇಲೆ ಹೋಗಿ ಹಿಂದಿನ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ, ಗಂಟಲು ಸರಿಮಾಡಿಕೊಂಡು, "ಇದ್ಯಾಕೋ ಸ್ವಲ್ಪ ಬಿಗಿ ಅನ್ಸುತ್ತಪ್ಪ. ಒಂದು ಕಡೆ ಸಂದು ಕಮ್ಮಿ ಇದ್ದ ಹಾಗಿದೆ. ಅಲ್ವೇನ್ರೀ?" ಎಂದು ನನ್ನತ್ತ ತಿರುಗಿದರು.

"ಹೌದು ಹೌದು, ಬಿಗಿ ಇದೆ" ಎಂದೆ. ನಾನು ನಲವತ್ತು ವರ್ಷ ಔಷಧಿ ಅಂಗಡಿ ನಡೆಸಿದವನು, ಬಾಗಿಲಿನ ವಿಷಯ ನನಗೇನು ಗೊತ್ತು? ಸಾಸ್ಕಿಯಾ ನಮ್ಮಿಬ್ಬರನ್ನೂ ನೋಡಿ, ಅರ್ಥ ಮಾಡಿಕೊಂಡು, ಸದ್ದಿಲ್ಲದೆ ಪೆನ್ನು ತೆರೆದು ಹೆಂಪೆಲ್ ಕೈಗೆ ಕೊಟ್ಟಳು. ಬರೆದರೆ ಸಾಕಿತ್ತು. ಗುರುವಾರದ ಮೇಜಿಗೆ ಅಷ್ಟೇ ಬೇಕಾಗಿದ್ದದ್ದು.

ಹೆಂಪೆಲ್ ಎದ್ದರು. ಹಿಂದಿನ ಬಾಗಿಲನ್ನು ಇನ್ನೊಮ್ಮೆ, ಬಹಳ ನಿಧಾನವಾಗಿ ಸವರಿದರು.

"ಬಿಗಿ ಇಲ್ಲ ರೋಸಿ" ಎಂದರು. "ಮೂರೂವರೆ ಇರಬೇಕು, ಮೂರೂವರೆ ಇದೆ. ಇಲ್ಲದ್ದನ್ನ ನಾನು ಬರೆಯಲ್ಲ."

ಆ ಚೌಕದಲ್ಲಿ ದೊಡ್ಡ ಅಕ್ಷರಗಳಲ್ಲಿ 'ಬೈಯಲು ಏನೂ ಇಲ್ಲ' ಎಂದು ಬರೆದು ರುಜು ಹಾಕಿದರು. ನಮ್ಮ ಕಡೆಯ ಜನ ಹೊಗಳುವುದು ಇಷ್ಟೇ, ಇದಕ್ಕಿಂತ ಮೇಲೆ ಹೊಗಳಿಕೆ ನಮ್ಮಲ್ಲಿಲ್ಲ. ರೋಸ್ವಿತಾಗೆ ನಲವತ್ತೆಂಟು ವರ್ಷದ ಸಂಸಾರದಲ್ಲಿ ಆ ಮಾತು ಒಂದೇ ಒಂದು ಸಲ ಸಿಕ್ಕಿತ್ತಂತೆ, ಅದೂ ಆಲೂಗಡ್ಡೆ ಉಂಡೆಗಳಿಗೆ. ಆಕೆ ಫ್ಲಾಸ್ಕಿನ ಮುಚ್ಚಳ ತೆಗೆದು, ಮುಖ ಆಚೆ ತಿರುಗಿಸಿಕೊಂಡು, ಯಾರೂ ಕೇಳದಿದ್ದರೂ ಕಾಫಿ ಬಗ್ಗಿಸತೊಡಗಿದರು.

ಗುರುವಾರ ಅವರು ಪಾನಗೃಹಕ್ಕೆ ಬರಲಾರರು ಎಂದೇ ನಾನು ಎಣಿಸಿದ್ದೆ. ಬಂದರು. ಯಾರೂ ಕೇಳುವ ಮೊದಲೇ, ನಿಂತುಕೊಂಡೇ, ಬಾವಲಿ ಹಾಕಿ ಒಂದು ಬಾಗಿಲು ಕೆಡಿಸಿದ್ದನ್ನೂ ಐದು ಬಾಗಿಲುಗಳಲ್ಲಿ ಒಂದು ತಪ್ಪೂ ಸಿಗದೆ ಹೋದದ್ದನ್ನೂ ಹೇಳಿ ಮುಗಿಸಿದರು. ಮೇಜಿನ ಸುತ್ತ ನಕ್ಕು ನಕ್ಕು ಎಲ್ಲರ ಹೊಟ್ಟೆ ಹುಣ್ಣಾಯಿತು. ಬಾಲ್ಡುರ್ ಕಣ್ಣೊರೆಸಿಕೊಳ್ಳುತ್ತ, "ಹಾಗಾದ್ರೆ ನಿನ್ನ ಇಪ್ಪತ್ನಾಲ್ಕು ವರ್ಷ ಸುಳ್ಳು ಅಂತಾಯ್ತು?" ಎಂದ.

ಹೆಂಪೆಲ್ ಕುರ್ಚಿ ಎಳೆದುಕೊಂಡು ಕೂತರು.

"ಸುಳ್ಳಾಗಿದ್ರೆ, ಅದು ಚೆನ್ನಾಗಿ ಕೂತಿದೆ ಅಂತ ನನಗೆ ಗೊತ್ತೇ ಆಗ್ತಿರ್ಲಿಲ್ಲ ಕಣೋ" ಎಂದರು.

ಆ ಸಂಜೆ ಎಲ್ಲರ ಬಿಯರಿಗೂ ದುಡ್ಡು ಕೊಟ್ಟವನು ಬಾಲ್ಡುರ್.

ಕೈಕಸುಬಿನಲ್ಲಿ ಆಯುಷ್ಯ ತೇಯ್ದವರ ಕುಲವೇ ಇಂಥದ್ದು. ಲೋಕವೆಲ್ಲ ಓರೆಕೋರೆಯಾಗಿರಲಿ, ತಿದ್ದುವುದಕ್ಕೆ ತಮ್ಮನ್ನು ಕರೆಯಲಿ ಎಂದು ಒಳಗೊಳಗೇ ಹರಕೆ ಹೊತ್ತುಕೊಂಡಿರುತ್ತಾರೆ; ಕರೆಯದಿದ್ದರೆ ತಾವೇ ನುಗ್ಗಿ ನೆಟ್ಟಗಿದ್ದದ್ದನ್ನು ಸೊಟ್ಟ ಮಾಡಿ ಬರುತ್ತಾರೆ; ಅವರೊಂದಿಗೆ ಬಾಳುವೆ ಮಾಡುವವರ ಪಾಡು ದೇವರಿಗೇ ಪ್ರೀತಿ. ಆದರೆ ನಿಜವಾಗಿ ನೆಟ್ಟಗಿರುವುದೊಂದು ಎದುರಿಗೆ ಬಂದು ನಿಂತಾಗ, ಅದನ್ನು ಸೊಟ್ಟ ಎಂದರೆ ತಮ್ಮ ಮಾನ ಉಳಿಯುತ್ತದೆಂದು ಗೊತ್ತಿದ್ದರೂ, ಹಾಗೆನ್ನಲು ಅವರಿಗೆ ನಾಲಿಗೆ ಏಳುವುದಿಲ್ಲ. ಅಂಥವರು 'ಪರವಾಗಿಲ್ಲ' ಎಂದದ್ದನ್ನು ಕಣ್ಣುಮುಚ್ಚಿ ನಂಬಬಹುದು, ಮತ್ತು ಹಾಗೆ ನಂಬಬಹುದಾದವರು ಊರಿಗೆ ನಾಲ್ಕು ಜನ ಉಳಿದಿದ್ದರೂ ಆ ಊರು ಪುಣ್ಯ ಮಾಡಿದೆಯೆಂದೇ ನಾನು ತಿಳಿದಿದ್ದೇನೆ.