ಗಾಳಿ ಮಶಿನ್ನಿನ ನೆರಳು

೧೯೬೦ರ ಸುಮಾರಿನ ಬೇಸಿಗೆ. ಇಚಲಕರಂಜಿ ಊರಿಗೆ ನೀರೆತ್ತಲು ಪಂಚಗಂಗಾ ಹೊಳೆಯ ತಳಕ್ಕೆ ಬಾವಿಯ ಗೋಡೆ ಇಳಿಸುತ್ತಿದ್ದರು. ತಳದಲ್ಲಿ ಸಿಕ್ಕಿಕೊಂಡ ಬಂಡೆ ಬಿಡಿಸಲು ಗುಂಡು ಎಂಬವನು ತಲೆಯನ್ನೆಲ್ಲ ಮುಚ್ಚುವ ಹಿತ್ತಾಳೆಯ ಟೊಪ್ಪಿಗೆ ತೊಟ್ಟು ಮುಳುಗುತ್ತಿದ್ದ. ದಂಡೆಯ ಮಶಿನ್ನು ಎಳೆದುಕೊಂಡ ಗಾಳಿ ರಬ್ಬರ್ ಕೊಳವೆಯಲ್ಲಿ ಇಳಿದು ಅವನ ಟೊಪ್ಪಿಗೆಯನ್ನು ಸೇರುತ್ತಿತ್ತು. ಹೆಂಡತಿ ಹಾಲವ್ವ ಬುತ್ತಿ ತಂದಾಗ ಅವನು ನೀರೊಳಗಿದ್ದ. ಮಶಿನ್ ನೋಡಿಕೊಳ್ಳುವ ಕೃಷ್ಣಾತ ಬಿಸಿಲಲ್ಲಿ ಬೇಯುತ್ತಿದ್ದ.

“ಯಣ್ಣಾ, ಕರಕಲ ರೊಟ್ಟಿ ಆಗೀಯಲ್ಲ!”

“ಏನ್ ಮಾಡೂದವಾ, ಮಶಿನ್ ಸುತ್ತ ಏನೂ ಕಟ್ಟಬ್ಯಾಡ್ರಿ ಅಂತ ಸಾಹೇಬರು ಕಾಯ್ದೆ ಮಾಡ್ಯಾರ. ಬಯಲ ಗಾಳಿ ಬೇಕಂತ.”

“ಕಂಬಳಿ ಏನ್ ಗಾಳಿ ತಿಂತೈತೇನು?”

ಹಾಲವ್ವ ಕೋಲು ನೆಟ್ಟು, ತನ್ನ ಕಂಬಳಿಯನ್ನು ಮೇಲೆ ಹೊದಿಸಿ, ಬಿಸಿಲ ಕಡೆ ಇಳಿಬಿಟ್ಟಳು. ಬ್ಯಾಡ ಬ್ಯಾಡ ಎನ್ನುತ್ತಲೇ ಕೃಷ್ಣಾತ ನೆರಳಿಗೆ ಸರಿದ. ಮಶಿನ್ ಓಡಿಸುವ ಪಕ್ಕದ ಡೀಸೆಲ್ ಇಂಜಿನ್ನಿನ ಹೊಗೆ ಅಲ್ಲಿಯವರೆಗೆ ಹೊಳೆಯ ಕಡೆ ಹಾರಿಹೋಗುತ್ತಿತ್ತು. ಈಗ ಕಂಬಳಿಗೆ ಬಡಿದು, ಮಶಿನ್ ಗಾಳಿ ಎಳೆದುಕೊಳ್ಳುವ ಬಾಯಿಯ ಹತ್ತಿರವೇ ಸುತ್ತತೊಡಗಿತು. ಒಲೆಯ ಮುಂದೆ ಬಾಳಿದ ಅವಳಿಗೆ ಅದು ಹೊಗೆಯೆಂದೇ ಅನಿಸಲಿಲ್ಲ.

ಗುಂಡುವಿನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ದಂಡೆಯಲ್ಲಿ ಹಿಡಿದಿದ್ದ ತಾನಾಜಿ ಒಮ್ಮೆ ಜಗ್ಗಿದ. ಕೆಳಗಿನಿಂದ ಮರುಜಗ್ಗು ಬರಲಿಲ್ಲ. ಮತ್ತೆ ಜಗ್ಗಿದ. ನೀರ ಮೇಲೆ ಗುಳ್ಳೆ ಏಳುತ್ತಲೇ ಇತ್ತು, ಹಗ್ಗ ಮಾತ್ರ ಸುಮ್ಮನಿತ್ತು.

“ಎಳೀರಿ!” ಹಾಲವ್ವ ಚೀರಿದಳು.

ಟೊಪ್ಪಿಗೆ ಬಿಚ್ಚಿದಾಗ ಗುಂಡುವಿನ ಮುಖ ಕೆಂಪೇರಿತ್ತು, ಕಣ್ಣು ತೇಲುತ್ತಿದ್ದವು. ಬಹಳ ಹೊತ್ತು ಗಾಳಿಗೆ ಮಲಗಿಸಿದ ಮೇಲೆ ವಾಂತಿ ಮಾಡಿಕೊಂಡು, “ತಲಿ ಸೀಳಾಕತ್ತೈತಿ” ಎಂದ. ಆಮೇಲೆ ಕಂಬಳಿ ಕಂಡು ಕೇಳಿದ, “ಯಾರ್ ಕಟ್ಟಿದ್ರೋ?”

ಕೃಷ್ಣಾತ ನೆಲ ನೋಡಿದ.

“ನಾನ ಕಟ್ಟೀನ್ರಿ,” ಎಂದಳು ಹಾಲವ್ವ. ಅವನು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡ, ಅಷ್ಟೇ.

ಸುಧಾರಿಸಿಕೊಂಡು ಮತ್ತೆ ಕೆಲಸಕ್ಕೆ ಬಂದ ದಿನ ಅವನು ಅವಳನ್ನೂ ಕರೆತಂದ. “ಮಶಿನ್ ಗಾಳಿ ಎಳಕೊಳ್ಳೂ ಬಾಯಿ ಹತ್ರ ನಿಂದರು. ಹೊಗಿ ವಾಸನಿ ಬಂದ್ರ ಹೇಳು.”

“ಮೂಗಿಗೂ ಪಗಾರ ಕೊಡಬೇಕೇನ್ ಈಗ?” ತಾನಾಜಿ ನಕ್ಕ.

ಹಾಲವ್ವ ನಗಲಿಲ್ಲ. ಬಗ್ಗಿ ಮೂಸಿದಳು. “ಗಾಳಿ ತಿರಗೈತಿ. ಇಂಜಿನ್ ಆ ಕಡೆ ಸರಸ್ರಿ.”

ತಾನಾಜಿ, ಕೃಷ್ಣಾತ ಇಬ್ಬರೂ ಗೊಣಗುತ್ತ ಇಂಜಿನ್ ಎಳೆದರು. ಅವಳು ಮತ್ತೆ ಮೂಸಿದಳು, ಇನ್ನೊಮ್ಮೆ ಮೂಸಿದಳು. ಗುಂಡು ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಮುಖವನ್ನೇ ನೋಡುತ್ತ ಕೂತಿದ್ದ.

“ಹೂಂ, ಇಳೀರಿ,” ಎಂದಳು.