ಗಾಣದ ಪಕ್ಕದ ಕೊಡಲಿ

ಎಲ್ಲಿಂದ ಶುರು ಮಾಡಲಿ, ಹೇಳಿ? ಗುಲಾಮಳಾಗಿ ಹುಟ್ಟಿ, ಮುಂದೆ ಸೇಂಟ್ ಡೊಮಿಂಗ್ ಎಂಬ ಫ್ರೆಂಚ್ ವಸಾಹತಿನ ಗುಲಾಮರ ದಂಗೆಗೆ ನಾಯಕಿಯಾದ ಜೆಲಿ ಕುದುರೆಯೇರಿ ಬರುತ್ತಾಳೆ, ಹಿಂದೆ ಹೊತ್ತಿ ಉರಿಯುವ ಕಬ್ಬಿನ ಗದ್ದೆ... ಹೀಗೊಂದು ಡ್ರಾಫ್ಟ್ ಬರೆದೆ. ಓದಿದ ಜೆಲಿ, "ಥೂ, ಕುದುರೆ ಅಂದ್ರೆ ನಂಗೆ ಭಯ ಕಣಯ್ಯಾ," ಎಂದಳು. ಹರಿದು ಹಾಕಿದೆ.

೧
ಹದಿನಾರರ ಜೆಲಿ, ಕಬ್ಬಿನ ಗಾಣದ ಮುಂದೆ. ಗಾಣಕ್ಕೆ ಕಬ್ಬು ಕೊಡುವವಳು ಅವಳ ಅವ್ವ ಮಾರ್ತೋನ್. ಉರುಳೆಗಳ ನಡುವೆ ಬೆರಳು ಸಿಕ್ಕಿತೋ, ಗಾಣ ಎಳೆಯುವ ಹೇಸರಗತ್ತೆಗಳನ್ನು ನಿಲ್ಲಿಸುವಷ್ಟರಲ್ಲಿ ಆಳೇ ಒಳಗೆ. ಅದಕ್ಕೇ ಪಕ್ಕದಲ್ಲೊಬ್ಬರು ಕೊಡಲಿ ಹಿಡಿದು ನಿಲ್ಲಬೇಕು. ಸಿಕ್ಕ ತೋಳನ್ನು ಕಡಿದು ಜೀವ ಉಳಿಸಬೇಕು. ಕಬ್ಬು ಅರೆಯುವ ಕಾಲದಲ್ಲಿ ಯಾರಿಗೂ ನಿದ್ದೆಯಿಲ್ಲ, ಹಾಗಾಗಿ ಕಬ್ಬು ಕೊಡುವವಳು ಹಾಡುತ್ತಲೇ ಇರಬೇಕು. ಹಾಡು ನಿಂತರೆ ತೂಕಡಿಸಿದಳೆಂದು ಅರ್ಥ, ಕೊಡಲಿ ಮೇಲೇಳಬೇಕು. ಇವತ್ತು ಮೇಸ್ತ್ರಿ ಬಾಸ್ತಿಯೆನ್ ಆ ಕೊಡಲಿಯನ್ನು ಜೆಲಿಯ ಕೈಗೆ ಕೊಟ್ಟಿದ್ದಾನೆ.

(ನಾಯಕಿಯ ಬಾಲ್ಯವೆಂದರೆ ಧೈರ್ಯದ ಕಥೆ ಇರಬೇಕಲ್ಲವೇ? ಕ್ಷಮಿಸಿ. ಇವಳು ಭಯಕ್ಕೆ ಕೊಡಲಿಯನ್ನು ತಲೆಕೆಳಗಾಗಿ ಹಿಡಿದಿದ್ದಾಳೆ. ನಾನು ಪೆನ್ನನ್ನೂ.)

೨
ಹಾಡು ನಿಂತಿತು.

ಜೆಲಿ ಕೊಡಲಿ ಎತ್ತಿಯೇಬಿಟ್ಟಳು.

"ಅಯ್ಯಯ್ಯೋ, ಗಂಟಲು ಒಣಗಿತ್ತು, ಉಗುಳು ನುಂಗಿದೆ ಅಷ್ಟೇ ಕಣೇ!" ಮಾರ್ತೋನ್ ಚೀರಿದಳು.

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಭಲೇ! ಹೆತ್ತವ್ವ ಅಂತಾನೂ ನೋಡಲ್ಲ ಇವಳು. ಅರೆಯೋದು ಮುಗಿಯೋವರೆಗೂ ಇವಳೇ ನಿಂತ್ಕೊಳ್ಳಲಿ."

ಮಂಕು ಹಿಡಿದವಳಂತೆ ಸುಮ್ಮನೆ ನಿಂತಿದ್ದರೆ ಆ ಕೆಲಸ ಬೇರೆ ಯಾರಿಗಾದರೂ ಹೋಗುತ್ತಿತ್ತು. ಪಾಪ, ಚುರುಕಾದದ್ದೇ ತಪ್ಪಾಯಿತು.

೩
ಮುಕ್ತಾಯ, ಒಂದನೆಯದು: ಜೆಲಿ ಕೊಡಲಿಯನ್ನು ಮೇಸ್ತ್ರಿಯ ಮೇಲೆ ಬೀಸುತ್ತಾಳೆ.

"ಆಮೇಲೆ? ನನ್ನ ನೇಣಿಗೆ ಹಾಕಿದ್ರೆ ನಿನ್ನ ದಂಗೆಗೆ ಯಾರನ್ನ ಕರ್ಕೊಂಡ್ ಬರ್ತೀಯಾ?" ಜೆಲಿ ರೇಗಿದಳು.

ಎರಡನೆಯದು: ಗಾಣ ಮುರಿದು ಬೀಳುತ್ತದೆ.

"ನಾಳೆ ರಿಪೇರಿ ಮಾಡಿಸ್ತಾರೆ."

ಮೂರನೆಯದು...

"ಅದನ್ನ ಮಾತ್ರ ಬರೀಬೇಡ," ಎಂದಳು. ಬರೆಯಲು ನನಗೂ ಭಯ.

ಹೇಸರಗತ್ತೆಗಳನ್ನು ಬದಲಾಯಿಸಲು ಗಾಣ ತುಸು ನಿಂತಿದೆ. ಮಾರ್ತೋನ್ ಮಗಳ ಕೈ ಹಿಡಿದು ತನ್ನ ತೋಳಿನ ಮೇಲೆ, ಮೊಣಕೈಗಿಂತ ಸ್ವಲ್ಪ ಮೇಲಕ್ಕೆ ಇಟ್ಟುಕೊಂಡಳು.

"ಇಲ್ಲಿ ಹೊಡೀಬೇಕು, ಮಗಳೇ. ಕೆಳಗೆ ಹೊಡೆದ್ರೆ ಇನ್ನೊಂದು ಏಟು ಬೇಕಾಗುತ್ತೆ. ನನ್ನ ಮುಖ ನೋಡಬೇಡ."

"ಅವ್ವಾ..."

"ಸರಿಯಾಗಿ ಒತ್ತಿ ನೋಡೇ. ಮೂಳೆ ಸಿಕ್ತಾ?"

ಜೆಲಿ ಒತ್ತಿ ನೋಡಿದಳು. ಸಿಕ್ಕಿತು ಎಂದು ತಲೆಯಾಡಿಸಿದಳು.

ಮುಂದೇನಾಯಿತೆಂದು ನನ್ನನ್ನು ಕೇಳಬೇಡಿ. ಹೊಸ ಹೇಸರಗತ್ತೆಗಳನ್ನು ಕಟ್ಟಿಯಾಯಿತು, ಮೇಸ್ತ್ರಿ ಕೂಗುತ್ತಿದ್ದಾನೆ. ನಾನು ಬರೆಯದಿದ್ದರೆ ಅವಳು ಹೊಡೆಯಬೇಕಾಗುವುದಿಲ್ಲ ಎಂಬ ಆಸೆಯಿಂದ ಇಲ್ಲೇ ನಿಲ್ಲಿಸುತ್ತಿದ್ದೇನೆ.